ಘಾಟಿ ಹತ್ತುವಾಗ ಗಾಡಿ ನಡುಗಿದರೆ: ಪಾರ್ಟು ಬದಲಿಸುವ ಮೊದಲು ಹುಡುಕುವ ಕ್ರಮ

ಹೆಬ್ರಿಯಲ್ಲಿ ಗ್ಯಾರೇಜು ಇಟ್ಟವನಿಗೆ ಆಗುಂಬೆ ಘಾಟಿಯೇ ಟ್ರಯಲ್ ರಸ್ತೆ. ಸೀತಾನದಿ ದಾಟಿ ಸೋಮೇಶ್ವರದವರೆಗೆ ಗಾಡಿಗೆ ಅಂಥ ಶ್ರಮವಿಲ್ಲ. ಅಲ್ಲಿಂದ ಮೇಲೆ 14 ಹೇರ್‌ಪಿನ್ ತಿರುವು. ಉಡುಪಿ, ಮಣಿಪಾಲ, ಕಾರ್ಕಳ ಅಂತ ದಿನವಿಡೀ ಓಡಿದರೂ ಸುಮ್ಮನಿದ್ದ ಗಾಡಿ, ಮೊದಲ ಒಂದೆರಡು ತಿರುವಿನಲ್ಲೇ ತನ್ನ ಕಾಯಿಲೆ ಹೇಳಿಬಿಡುತ್ತದೆ. ನನ್ನ ಹತ್ತಿರ ಬರುವವರ ದೂರು ಹೆಚ್ಚುಕಮ್ಮಿ ಒಂದೇ: "ಹತ್ತುವಾಗ ಅಲ್ಲಾಡ್ತದೆ ಮಾರಾಯ್ರೆ, ಇಳಿಯುವಾಗ ಏನೂ ಇಲ್ಲ."

ಈ ಒಂದು ದೂರಿನ ಹಿಂದೆ ಹತ್ತಾರು ಕಾರಣ ಇರಬಹುದು. ಕೆಲವಕ್ಕೆ ಕಾಸು ಖರ್ಚಿಲ್ಲ, ಕೆಲವಕ್ಕೆ ಗೇರ್‌ಬಾಕ್ಸ್ ಇಳಿಸಬೇಕು. ನನಗೆ ಸಂಕಟ ಆಗುವುದು ಊಹೆಯ ಮೇಲೆ ಪಾರ್ಟು ಬದಲಿಸಿಕೊಂಡು ಬಂದವರನ್ನು ನೋಡಿದಾಗ. ಟ್ಯಾಕ್ಸಿ ಓಡಿಸಿ ಮನೆ ನಡೆಸುವವರು ಬೇರೆಲ್ಲೋ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮಾಡಿಸಿ, ಕೊನೆಗೆ ಹೊಸ ಟಯರನ್ನೂ ಹಾಕಿಸಿಕೊಂಡು ಬಂದಿರುತ್ತಾರೆ. ಬಾನೆಟ್ ಎತ್ತಿ ನೋಡಿದರೆ ಪ್ಲಗ್ಗಿಗೆ ಕಿಡಿ ಕೊಡುವ ಒಂದು ಇಗ್ನಿಷನ್ ಕಾಯಿಲ್ ಬಿರುಕು ಬಿಟ್ಟಿರುತ್ತದೆ. ಗಾಡಿಯ ಮಾಲೀಕರೇ ಗ್ಯಾರೇಜಿಗೆ ಬರುವ ಮೊದಲು ಅರ್ಧದಷ್ಟು ಹುಡುಕಿಕೊಂಡರೆ ಇದು ತಪ್ಪುತ್ತದೆ. ಅದಕ್ಕೆ ದೊಡ್ಡ ಉಪಕರಣವೇನೂ ಬೇಡ.

ಎಲ್ಲಕ್ಕಿಂತ ಮೊದಲು ಚಕ್ರದ ನಟ್ಟು ನೋಡಿ. ಇತ್ತೀಚೆಗೆ ಪಂಕ್ಚರ್ ಹಾಕಿಸಿದ್ದರೆ ಅಥವಾ ಬ್ರೇಕ್ ಕೆಲಸ ಆಗಿದ್ದರೆ ಇದು ಕಡ್ಡಾಯ. ಸಡಿಲ ನಟ್ಟಿನ ಚಕ್ರ ಮೊದಮೊದಲು ನಡುಗುತ್ತದೆ, ಆಮೇಲೆ ಬೋಲ್ಟನ್ನೇ ತಿಂದು ಕಳಚಿಕೊಳ್ಳುತ್ತದೆ. ಸ್ಪ್ಯಾನರ್ ಹಾಕಿ ನಾಲ್ಕೂ ಚಕ್ರದ ನಟ್ಟು ಎದುರುಬದುರಾಗಿ ಬಿಗಿ ಮಾಡಿ. ಹಾಗೆಯೇ ಟಯರಿನ ಒಳಮೈಗೆ ಕೈಯಾಡಿಸಿ, ಎಲ್ಲಾದರೂ ಗಂಟಿನ ಹಾಗೆ ಉಬ್ಬಿದ್ದರೆ ಆ ಟಯರಿನಲ್ಲಿ ಘಾಟಿ ಹತ್ತಬೇಡಿ, ಇಳಿಯಲೂ ಬೇಡಿ. ಇಷ್ಟು ಆದಮೇಲೆ ಮುಂದಿನ ಮಾತು.

ಏರು ಯಾಕೆ ಕಾಯಿಲೆಯನ್ನು ಹೊರಗೆ ತರುತ್ತದೆ ಅಂತ ಸ್ವಲ್ಪ ತಿಳಿದಿದ್ದರೆ ಹುಡುಕುವುದು ಸುಲಭ. ಜನರ ಸಮೇತ 1,200 ಕಿಲೋ ತೂಗುವ ಸಣ್ಣ ಕಾರು, 12 ಅಡಿಗೆ 1 ಅಡಿ ಏರುವ ರಸ್ತೆಯಲ್ಲಿ ಹೋಗುವಾಗ ಸುಮಾರು 100 ಕಿಲೋ ಭಾರವನ್ನು ನಿರಂತರ ಎತ್ತಿ ಹಿಡಿದಷ್ಟು ಹೆಚ್ಚುವರಿ ಎಳೆತ ಬೇಕು. ಆ ಎಳೆತ ಹುಟ್ಟುವುದು ಸಿಲಿಂಡರಿನಲ್ಲಿ. ಅಲ್ಲಿಂದ ಕ್ಲಚ್, ಗೇರ್‌ಬಾಕ್ಸ್, ಆಕ್ಸಲ್ ದಾಟಿ ಚಕ್ರಕ್ಕೆ ಬರುತ್ತದೆ. ಈ ದಾರಿಯಲ್ಲಿ ಎಲ್ಲಿ ಸಡಿಲವೋ, ಎಲ್ಲಿ ಸವೆತವೋ, ಭಾರ ಬಿದ್ದಾಗ ಅಲ್ಲಿ ನಡುಕ ಹುಟ್ಟುತ್ತದೆ. ಸಮತಟ್ಟು ರಸ್ತೆಯಲ್ಲಿ ಅಷ್ಟು ಭಾರ ಬೀಳುವುದೇ ಇಲ್ಲ, ಆದ್ದರಿಂದ ತಿಳಿಯುವುದೂ ಇಲ್ಲ.

ರಸ್ತೆಯ ಮೇಲೆ ಮಾಡುವ ಪರೀಕ್ಷೆ

ತಿರುವಿಲ್ಲದ, ಹಿಂದೆ ಮುಂದೆ ಗಾಡಿ ಕಡಿಮೆ ಇರುವ ಒಂದು ಏರು ಆರಿಸಿಕೊಳ್ಳಿ. ಹೇರ್‌ಪಿನ್ ತಿರುವಿನಲ್ಲಿ ಈ ಪ್ರಯೋಗ ಬೇಡ. ಪಕ್ಕದಲ್ಲಿ ಒಬ್ಬರು ಕೂತು ಬರೆದುಕೊಳ್ಳಲಿ, ಓಡಿಸುವವರ ಕಣ್ಣು ರಸ್ತೆ ಬಿಟ್ಟು ಹೋಗಬಾರದು.

ಮೊದಲನೆಯದು, ಒಂದೇ ವೇಗ, ಬೇರೆ ಗೇರು. ಏರಿನಲ್ಲಿ 40 ಕಿ.ಮೀ. ವೇಗಕ್ಕೆ ಮೂರನೇ ಗೇರಿನಲ್ಲಿ ಹೋಗಿ ನಡುಕ ಗಮನಿಸಿ. ಅದೇ ಜಾಗಕ್ಕೆ ಮತ್ತೆ ಬಂದು, ಅದೇ 40ರಲ್ಲಿ ಎರಡನೇ ಗೇರಿನಲ್ಲಿ ಹತ್ತಿಸಿ. ಈಗ ಎಂಜಿನ್ ಜೋರಾಗಿ ತಿರುಗುತ್ತದೆ, ಚಕ್ರ ಮಾತ್ರ ಮೊದಲಿನಷ್ಟೇ. ನಡುಕದ ಲಯ ಬದಲಾದರೆ ಅಥವಾ ನಡುಕವೇ ಹೋದರೆ ಎಂಜಿನ್ ಕಡೆ ಹುಡುಕಿ. ಒಂದಿಷ್ಟೂ ಬದಲಾಗದಿದ್ದರೆ ಆಕ್ಸಲ್, ಚಕ್ರ, ಟಯರಿನ ಕಡೆ. 40 ಕಿ.ಮೀ. ವೇಗದಲ್ಲಿ ಸಣ್ಣ ಕಾರಿನ ಚಕ್ರ ಸೆಕೆಂಡಿಗೆ ಸುಮಾರು ಆರು ಸುತ್ತು, ಎಂಜಿನ್ ನಿಮಿಷಕ್ಕೆ 1,500 ಸುತ್ತು, ಅಂದರೆ 1,500 ಆರ್‌ಪಿಎಂನಲ್ಲೇ ಸೆಕೆಂಡಿಗೆ 25 ಸುತ್ತು. ಹಾಗಾಗಿ ಚಕ್ರದ ನಡುಕ ನಿಧಾನ, ದೊಡ್ಡದು. ಎಂಜಿನ್ನಿನದು ಬೇಗ ಬೇಗ ಬರುವ ಕುಟ್ಟು. ಒಂದೆರಡು ಸಲ ಗಮನ ಕೊಟ್ಟು ಕೂತರೆ ಸೊಂಟಕ್ಕೇ ವ್ಯತ್ಯಾಸ ತಿಳಿಯುತ್ತದೆ.

ಎರಡನೆಯದು, ನಡುಗುತ್ತಿರುವಾಗಲೇ ಆಕ್ಸಿಲರೇಟರಿನಿಂದ ಕಾಲು ಅರ್ಧ ಎತ್ತಿ. ತಕ್ಷಣ ನಿಂತರೆ ಭಾರಕ್ಕೆ ಸಂಬಂಧಪಟ್ಟದ್ದು: ಮಿಸ್ಸಿಂಗ್ (ಒಂದು ಸಿಲಿಂಡರ್ ಸರಿಯಾಗಿ ಉರಿಯದಿರುವುದು), ಆಕ್ಸಲ್ಲಿನ ಒಳ ಜಾಯಿಂಟ್, ಎಂಜಿನ್ ಮೌಂಟಿಂಗ್ (ಎಂಜಿನ್ನನ್ನು ಹಿಡಿದಿಡುವ ರಬ್ಬರ್ ಕಟ್ಟು). ಕಾಲು ಎತ್ತಿದರೂ ನಡುಕ ಮುಂದುವರಿದರೆ, ಇಳಿಜಾರಿನಲ್ಲೂ ಅದೇ ವೇಗಕ್ಕೆ ಬಂದರೆ, ಅದು ಚಕ್ರದ ಬ್ಯಾಲೆನ್ಸಿಂಗ್, ಬಾಗಿದ ಚಕ್ರದ ಡಿಸ್ಕು (ರಿಮ್) ಅಥವಾ ಟಯರು. ಬ್ಯಾಲೆನ್ಸಿಂಗ್ ದೋಷ ಕಾಣುವುದು ಸಾಮಾನ್ಯವಾಗಿ 80 ಕಿ.ಮೀ. ಮೇಲೆ, ಸ್ಟಿಯರಿಂಗಿನಲ್ಲಿ. ಆಗುಂಬೆ ಏರಿನಲ್ಲಿ 30-40ರ ವೇಗದಲ್ಲಿ ನಡುಗುವ ಗಾಡಿಗೆ ಬ್ಯಾಲೆನ್ಸಿಂಗ್ ಮಾಡಿಸುವುದು ದುಡ್ಡು ದಂಡ.

ಮೂರನೆಯದು ನಿಂತಲ್ಲೇ. ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆದು ಎಂಜಿನ್ನನ್ನು 2,500ರವರೆಗೆ ರೇಸ್ ಮಾಡಿ. ಇಲ್ಲೂ ನಡುಗಿದರೆ ದೋಷ ಎಂಜಿನ್ ಅಥವಾ ಮೌಂಟಿಂಗ್‌ನಲ್ಲಿದೆ ಅನ್ನುವುದು ಖಾತ್ರಿ. ಆದರೆ ಇಲ್ಲಿ ನಡುಗಲಿಲ್ಲ ಅಂತ ಎಂಜಿನ್ ಸರಿ ಇದೆ ಅಂದುಕೊಳ್ಳಬೇಡಿ. ನಿಂತ ಗಾಡಿಯ ಎಂಜಿನ್ನಿಗೆ ಭಾರವೇ ಇಲ್ಲ. ಎಷ್ಟೋ ಕಡೆ ನಿಂತಲ್ಲೇ ರೇಸ್ ಮಾಡಿ "ಎಂಜಿನ್ ಪಕ್ಕಾ ಇದೆ" ಅಂತ ಹೇಳಿ ಕಳಿಸುತ್ತಾರೆ.

ಮೊದಲು ಗೇರು ಇಳಿಸಿ ನೋಡಿ

ಏರಿನಲ್ಲಿ ಮೂರನೇ ಗೇರು, ವೇಗ 25, ಆಕ್ಸಿಲರೇಟರ್ ನೆಲಕ್ಕೆ ತಾಗಿಸಿ ಒತ್ತಿದ್ದು. ಹೀಗೆ ಓಡಿಸಿದರೆ ಹೊಸ ಗಾಡಿಯೂ ನಡುಗುತ್ತದೆ. ಮೂರು ಸಿಲಿಂಡರಿನ ಸಣ್ಣ ಎಂಜಿನ್ನಿನಲ್ಲಿ ಇದು ಇನ್ನೂ ಜಾಸ್ತಿ. ಮೀಟರಿನಲ್ಲಿ ಆರ್‌ಪಿಎಂ 1,500ಕ್ಕಿಂತ ಕೆಳಗಿದ್ದು ನಡುಕ ಬಂದರೆ, ಗೇರು ಇಳಿಸಿ 2,500ಕ್ಕೆ ತನ್ನಿ. ನಡುಕ ಪೂರ್ತಿ ಹೋಗಿ ಗಾಡಿ ಸಲೀಸಾಗಿ ಎಳೆದರೆ ಗ್ಯಾರೇಜಿಗೆ ಬರುವ ಅಗತ್ಯವಿಲ್ಲ. ಗೇರು ಇಳಿಸಿದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ ಅನ್ನುವ ಹೆದರಿಕೆ ಕರಾವಳಿಯ ಸಮತಟ್ಟಿನಲ್ಲಿ ಗಾಡಿ ಕಲಿತ ಹಲವರಿಗಿದೆ. ಏರಿನಲ್ಲಿ ಎಂಜಿನ್ನನ್ನು ಉಸಿರುಗಟ್ಟಿಸಿ ಓಡಿಸಿದರೆ ಉಳಿತಾಯವೂ ಇಲ್ಲ, ಬೇರಿಂಗ್ ಮತ್ತು ಮೌಂಟಿಂಗ್ ಮಾತ್ರ ಸವೆಯುತ್ತವೆ.

ಮಿಸ್ಸಿಂಗ್

ಪೆಟ್ರೋಲ್ ಗಾಡಿ ಏರಿನಲ್ಲಿ ಕುಟ್ಟಿ ಕುಟ್ಟಿ ಹೋಗುತ್ತಿದ್ದು, ಗೇರು ಇಳಿಸಿದರೂ ಪೂರ್ತಿ ಹೋಗದಿದ್ದರೆ ನನ್ನ ಮೊದಲ ಅನುಮಾನ ಇದರ ಮೇಲೆ. ಒಂದು ಸಿಲಿಂಡರಿನಲ್ಲಿ ಕಿಡಿ ಸರಿಯಾಗಿ ಬೀಳದೆ ಉಳಿದವು ಅದನ್ನೂ ಹೊತ್ತುಕೊಂಡು ಓಡುವ ಸ್ಥಿತಿ. ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ಸಿಲಿಂಡರಿನೊಳಗೆ ಗಾಳಿ-ಪೆಟ್ರೋಲ್ ಮಿಶ್ರಣ ಒತ್ತಾಗಿ ತುಂಬುತ್ತದೆ. ಒತ್ತಡ ಹೆಚ್ಚಿದಷ್ಟೂ ಪ್ಲಗ್ಗಿನ ಬಾಯಿ ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಸೊರಗಿದ ಕಾಯಿಲ್, ಸವೆದು ಬಾಯಿ ಅಗಲವಾದ ಪ್ಲಗ್ ಊರೊಳಗೆ ಹೇಗೋ ಕೆಲಸ ಮಾಡುತ್ತವೆ, ಘಾಟಿಯಲ್ಲಿ ಕೈಕೊಡುತ್ತವೆ.

ಮಳೆಗಾಲದಲ್ಲಿ ಇದು ದುಪ್ಪಟ್ಟು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾನೆಟ್ಟಿನೊಳಗೆ ತೇವ ಆರುವುದೇ ಇಲ್ಲ. ಕಾಯಿಲ್‌ನ ರಬ್ಬರ್ ಟೋಪಿಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಕಿಡಿ ಪ್ಲಗ್ಗಿಗೆ ಹೋಗದೆ ಪಕ್ಕದ ಲೋಹಕ್ಕೆ ಹಾರುತ್ತದೆ. ಪ್ಲಗ್ ವೈರಿರುವ ಹಳೆ ಗಾಡಿಯಾದರೆ ಕತ್ತಲಲ್ಲಿ ಬಾನೆಟ್ ಎತ್ತಿ, ಎಂಜಿನ್ ಓಡುತ್ತಿರುವಾಗ ದೂರ ನಿಂತು ನೋಡಿ. ವೈರಿನ ಮೇಲೆ ನೀಲಿ ಕಿಡಿ ಹರಿದಾಡಿದರೆ ವೈರು ಸೋರುತ್ತಿದೆ. ಕೈ ಹಾಕಬೇಡಿ. ಆ ವೋಲ್ಟೇಜ್ ಸಾವಿರಗಟ್ಟಲೆ.

ಈಗಿನ ಗಾಡಿಗಳಲ್ಲಿ ಪ್ರತಿ ಪ್ಲಗ್ಗಿನ ಮೇಲೂ ಒಂದೊಂದು ಕಾಯಿಲ್ ಕೂತಿರುತ್ತದೆ. ಅಂಥದ್ದರಲ್ಲಿ ದೋಷ ಹುಡುಕುವ ಅತಿ ಅಗ್ಗದ ದಾರಿ ಅದಲುಬದಲು. ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ, ಗಾಡಿಯ ದೋಷವನ್ನು ಕೋಡಿನಲ್ಲಿ ತೋರಿಸುವ ಸ್ಕ್ಯಾನರ್ ಹಾಕಿ, ಮೊಬೈಲಿಗೆ ಬ್ಲೂಟೂತ್‌ನಲ್ಲಿ ಜೋಡಿಸುವ ಸಣ್ಣದೂ ಆಗುತ್ತದೆ. ಪಿ0301 ಅಂದರೆ ಮೊದಲ ಸಿಲಿಂಡರ್ ಮಿಸ್, ಪಿ0302 ಎರಡನೆಯದು, ಹೀಗೆ. ಪಿ0300 ಅಂದರೆ ಇಂಥದ್ದೇ ಎಂದಿಲ್ಲ, ಅಲ್ಲೊಂದು ಇಲ್ಲೊಂದು. ಪಿ0302 ಬಂತು ಅನ್ನಿ. ಎಂಜಿನ್ ಆರಿಸಿ ತಣ್ಣಗಾದ ಮೇಲೆ ಎರಡನೇ ಕಾಯಿಲನ್ನು ಮೂರನೆಯದರ ಜಾಗಕ್ಕೆ, ಮೂರನೆಯದನ್ನು ಎರಡನೆಯದರ ಜಾಗಕ್ಕೆ ಹಾಕಿ. ಕೋಡ್ ಅಳಿಸಿ ಅದೇ ಏರು ಹತ್ತಿಸಿ. ಈಗ ಪಿ0303 ಬಂದರೆ ಕಾಯಿಲ್ ಕೆಟ್ಟಿದೆ, ಅದೊಂದನ್ನೇ ಬದಲಿಸಿ. ಮತ್ತೆ ಪಿ0302 ಬಂದರೆ ಕಾಯಿಲ್ ನಿರ್ದೋಷಿ, ಈಗ ಪ್ಲಗ್ಗನ್ನು ಅದಲುಬದಲು ಮಾಡಿ. ಪ್ಲಗ್ಗೂ ಅಲ್ಲವಾದರೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್, ಅದೂ ಅಲ್ಲವಾದರೆ ಕಂಪ್ರೆಷನ್ (ಸಿಲಿಂಡರಿನ ಒತ್ತಡ) ಅಳೆಯಬೇಕು. ಈ ಕೊನೆಯ ಎರಡು ಗ್ಯಾರೇಜಿನ ಕೆಲಸ.

ಪ್ಲಗ್ ಬಿಚ್ಚಿದಾಗ ಅದನ್ನು ಒರೆಸುವ ಮೊದಲು ನೋಡಿ. ಬಿಳಿ ಪಿಂಗಾಣಿಯ ಮೇಲೆ ಉದ್ದಕ್ಕೆ ಕಪ್ಪು ಗೆರೆ ಇದ್ದರೆ ಕಿಡಿ ಹೊರಗಡೆ ಹಾರಿದೆ. ತುದಿ ಒಣ ಮಸಿಯಾಗಿದ್ದರೆ ಪೆಟ್ರೋಲ್ ಹೆಚ್ಚು ಬೀಳುತ್ತಿದೆ, ಅಥವಾ ಏರ್ ಫಿಲ್ಟರ್ ಕಟ್ಟಿದೆ. ತುದಿಯಲ್ಲಿ ಎಣ್ಣೆ ಇದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ. ಪ್ಲಗ್ ಕೂರುವ ಗುಂಡಿಯಲ್ಲೇ ಎಣ್ಣೆ ನಿಂತಿದ್ದರೆ ಟ್ಯಾಪೆಟ್ ಕವರಿನ ಪ್ಯಾಕಿಂಗ್ ಹೋಗಿದೆ. ಅದನ್ನು ಬದಲಿಸದೆ ಹೊಸ ಕಾಯಿಲ್ ಹಾಕಿದರೆ ಆ ಕಾಯಿಲೂ ಎಣ್ಣೆಯಲ್ಲಿ ನೆನೆದು ಹಾಳಾಗುತ್ತದೆ. ಗುಂಡಿಯಲ್ಲಿ ನೀರಿದ್ದರೆ, ಪ್ರೆಶರ್ ಪಂಪಿನಲ್ಲಿ ಎಂಜಿನ್ ತೊಳೆಸಿದ್ದೀರಾ ಎಂದು ನೆನಪು ಮಾಡಿಕೊಳ್ಳಿ.

ಸಿಎನ್‌ಜಿ ಗಾಡಿಯವರಿಗೆ ಇನ್ನೊಂದು ಸುಲಭ ಪರೀಕ್ಷೆ ಇದೆ. ಏರಿನಲ್ಲಿ ಗ್ಯಾಸಿನಲ್ಲಿ ನಡುಗಿ, ಪೆಟ್ರೋಲಿಗೆ ಬದಲಿಸಿದ ಕೂಡಲೇ ಸರಿಯಾದರೆ, ಮೊದಲು ಪ್ಲಗ್ ಮತ್ತು ಕಾಯಿಲ್ ನೋಡಿ. ಗ್ಯಾಸಿಗೆ ಕಿಡಿ ಹತ್ತಿಸಲು ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜ್ ಬೇಕು, ಪ್ಲಗ್ಗಿನ ಸವೆತ ಗ್ಯಾಸಿನಲ್ಲಿ ಮೊದಲು ಕಾಣುತ್ತದೆ. ಅವು ಸರಿಯಿದ್ದರೆ ಆಮೇಲೆ ಗ್ಯಾಸ್ ಫಿಲ್ಟರ್, ರೆಗ್ಯುಲೇಟರ್.

ಒಂದು ಎಚ್ಚರಿಕೆ ಮರೆಯಬೇಡಿ. ಮೀಟರಿನಲ್ಲಿ ಎಂಜಿನ್ ದೀಪ ಉರಿದು ನಿಂತರೆ ನಿಧಾನವಾಗಿ ಗ್ಯಾರೇಜಿಗೆ ಬರಬಹುದು. ಮಿಣುಕಿದರೆ ಹಾಗಲ್ಲ. ಉರಿಯದ ಪೆಟ್ರೋಲ್ ಸೈಲೆನ್ಸರಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಸುಡುತ್ತಿದೆ. ಕನ್ವರ್ಟರ್ ಕರಗಿದರೆ ಅದರ ಬೆಲೆಗೆ ಎಷ್ಟೋ ಕಾಯಿಲ್ ಬರುತ್ತವೆ. ತಕ್ಷಣ ಕಾಲು ಎತ್ತಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಬೇಸಿಗೆಯಲ್ಲಾದರೆ ಒಣ ತರಗೆಲೆ, ಹುಲ್ಲಿನ ಮೇಲೆ ನಿಲ್ಲಿಸಬೇಡಿ. ಸೋಮೇಶ್ವರದಿಂದ ಮೇಲಕ್ಕೆ ಎರಡೂ ಕಡೆ ಅಭಯಾರಣ್ಯ, ಕೆಂಪಗೆ ಕಾದ ಸೈಲೆನ್ಸರಿನಿಂದ ಬೆಂಕಿ ಹತ್ತಲು ಹೆಚ್ಚು ಹೊತ್ತು ಬೇಡ.

ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪು ಸೋತಾಗ ಬರುವ ನಡುಕ ಬೇರೆ ರೀತಿಯದು. ಮಿಸ್ಸಿಂಗ್ ಒಂದೇ ಲಯದಲ್ಲಿ ಕುಟ್ಟುತ್ತದೆ. ಪೆಟ್ರೋಲ್ ಸಾಲದೆ ಹೋದರೆ ಗಾಡಿ ಎಳೆದು, ಬಿಟ್ಟು, ಮತ್ತೆ ಎಳೆಯುತ್ತದೆ. ಟ್ಯಾಂಕು ತಳ ಕಂಡಾಗ, ಉದ್ದದ ಏರಿನ ಕೊನೆಯಲ್ಲಿ ಇದು ಹೆಚ್ಚು. ಹಾಗಿದ್ದರೆ ಫಿಲ್ಟರ್ ಮತ್ತು ಪಂಪಿನ ಪ್ರೆಶರನ್ನು ಗೇಜ್ ಹಾಕಿಸಿ ನೋಡಿ, ಊಹೆಯ ಮೇಲೆ ಪಂಪು ಬದಲಿಸಬೇಡಿ.

ಡೀಸೆಲ್ಲಿಗೆ ಪ್ಲಗ್ ಕಿಡಿಯ ಗೋಳಿಲ್ಲ. ಅಲ್ಲಿ ಮೊದಲು ಡೀಸೆಲ್ ಫಿಲ್ಟರ್ ನೋಡಿ, ಅದರ ತಳದಲ್ಲಿ ನಿಂತ ನೀರನ್ನು ಹೊರಗೆ ಬಿಡಿ. ಆಮೇಲೆ ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ಹೋಸ್. ಅದು ಸೀಳಿದ್ದರೆ ಏರಿನಲ್ಲಿ ಉಸ್ಸೆಂದು ಗಾಳಿ ಸೋರುವ ಸದ್ದು, ಹಿಂದೆ ಕಪ್ಪು ಹೊಗೆ, ಎಳೆತ ಇಲ್ಲ. ಹೋಸಿನ ಹೊರಮೈಯಲ್ಲಿ ಎಣ್ಣೆಯ ಪಸೆ ಕಂಡ ಕಡೆ ಬೆರಳಿಂದ ಒತ್ತಿ ಅಗಲಿಸಿ ನೋಡಿ, ಸೀಳು ಅಲ್ಲೇ ಇರುತ್ತದೆ. ಇವೆರಡೂ ಸರಿಯಿದ್ದು ನಡುಕ ಉಳಿದರೆ ಇಂಜೆಕ್ಟರ್ ಪರೀಕ್ಷೆ.

ಆಕ್ಸಲ್ಲಿನ ಒಳ ಜಾಯಿಂಟ್

ಅತಿ ಹೆಚ್ಚು ಜನ ತಪ್ಪು ತಿಳಿಯುವುದು ಇದನ್ನೇ. ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಪ್ರತಿ ಆಕ್ಸಲ್ಲಿಗೆ ಎರಡು ಜಾಯಿಂಟ್, ಚಕ್ರದ ಬಳಿ ಒಂದು, ಗೇರ್‌ಬಾಕ್ಸಿನ ಬಳಿ ಒಂದು. ಹೊರಗಿನದು ಸವೆದರೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಟಕಟಕ ಸದ್ದು. ಹೇರ್‌ಪಿನ್ ತಿರುವಿನಲ್ಲಿ ಕಿವಿಗೇ ಬೀಳುತ್ತದೆ, ಯಾರೂ ತಪ್ಪುವುದಿಲ್ಲ. ಒಳಗಿನದು ಹೆಚ್ಚಾಗಿ ಸದ್ದು ಮಾಡುವುದಿಲ್ಲ. ಹೆಚ್ಚಿನ ಕಾರುಗಳಲ್ಲಿ ಅದರೊಳಗೆ ಮೂರು ರೋಲರ್ ಇರುತ್ತವೆ, ಮೂರು ಕಾಲುವೆಯಂಥ ದಾರಿಯಲ್ಲಿ ಅವು ಹಿಂದೆ ಮುಂದೆ ಜಾರಬೇಕು. ದಾರಿಯಲ್ಲಿ ಗುಳಿ ಬಿದ್ದರೆ, ಭಾರ ಬಿದ್ದಾಗ ರೋಲರ್ ಆ ಗುಳಿಯಲ್ಲಿ ಸಿಕ್ಕಿ ಸಿಕ್ಕಿ ಜಾರುತ್ತದೆ. ಚಕ್ರದ ಪ್ರತಿ ಸುತ್ತಿಗೆ ಮೂರು ಸಲ ಆಕ್ಸಲ್ ಗಾಡಿಯನ್ನು ಅಡ್ಡಕ್ಕೆ ನೂಕುತ್ತದೆ. ಹಾಗಾಗಿ ಕಾರಿನ ಮುಂಭಾಗ ಎಡಕ್ಕೆ ಬಲಕ್ಕೆ ತೂಗಿದಂತೆ ಆಗುತ್ತದೆ, ಸೀಟಿನಲ್ಲಿ ಕೂತವರ ಮೈ ಪಕ್ಕಕ್ಕೆ ಅಲ್ಲಾಡುತ್ತದೆ. ಕಾಲು ಎತ್ತಿದ ಕ್ಷಣ ಮಾಯ. ಎರಡನೇ ಗೇರಿನಲ್ಲೂ ಮೂರನೇ ಗೇರಿನಲ್ಲೂ ಒಂದೇ ವೇಗಕ್ಕೆ ಒಂದೇ ರೀತಿ. ಸ್ಕ್ಯಾನರಿನಲ್ಲಿ ಒಂದೂ ಕೋಡ್ ಇಲ್ಲ. ಈ ನಾಲ್ಕೂ ಹೊಂದಿದರೆ ಒಳ ಜಾಯಿಂಟ್ ಬಿಟ್ಟು ಬೇರೆ ಕಡೆ ನಾನು ಮೊದಲು ಕೈ ಹಾಕುವುದಿಲ್ಲ.

ಇದು ಶುರುವಾಗುವುದು ಜಾಯಿಂಟನ್ನು ಮುಚ್ಚುವ ಒಂದು ರಬ್ಬರ್ ಬೂಟಿನಿಂದ. ತೋಟದ ರಸ್ತೆಯ ಕಲ್ಲು ಅಥವಾ ಕೋಲು ತಾಗಿ ಬೂಟು ಹರಿಯುತ್ತದೆ, ಗ್ರೀಸ್ ಹೊರಗೆ ಎರಚಿಹೋಗುತ್ತದೆ, ಕೆಸರುನೀರು ಒಳಗೆ ಬರುತ್ತದೆ. ಮುಂದಿನ ಚಕ್ರದ ಹಿಂದೆ ಬಗ್ಗಿ ಟಾರ್ಚ್ ಹಾಕಿ ನೋಡಿ. ಒಳಮೈಯಲ್ಲಿ ಸುತ್ತಲೂ ಗ್ರೀಸ್ ಎರಚಿದ ಗುರುತು ಕಂಡರೆ ಬೂಟು ಹರಿದಿದೆ. ಹರಿದ ಹೊಸತರಲ್ಲಿ ಬೂಟು, ಗ್ರೀಸ್, ಕ್ಲಿಪ್ ಹಾಕಿದರೆ ಸಾಕು. ಒಂದು ಮಳೆಗಾಲ ಹಾಗೇ ಓಡಿಸಿದರೆ ಜಾಯಿಂಟೇ ಹೋಗುತ್ತದೆ. ಜೂನ್ ಮೊದಲು ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ ಬೂಟು ನೋಡಿಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ, ಕಾರಿನ ಕೆಳಗೆ ಇದಕ್ಕಿಂತ ಲಾಭದ ನೋಟ ಇನ್ನೊಂದಿಲ್ಲ.

ಹಿಂದಿನ ಚಕ್ರ ಎಳೆಯುವ ಜೀಪು, ವ್ಯಾನುಗಳಲ್ಲಿ ಇದೇ ಕೆಲಸ ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನದು. ಗಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ಆರಿಸಿ, ಕೆಳಗೆ ಕೈ ಹಾಕಿ ಶಾಫ್ಟನ್ನು ತಿರುಚಿ ನೋಡಿ. ಕ್ರಾಸಿನಲ್ಲಿ (ಶಾಫ್ಟಿನ ತುದಿಯ ಜಾಯಿಂಟ್) ಸಡಿಲ ಇದ್ದರೆ ಕೈಗೆ ತಿಳಿಯುತ್ತದೆ. ರಿವರ್ಸಿನಿಂದ ಮೊದಲ ಗೇರಿಗೆ ಹಾಕಿದಾಗ ಟಣ್ ಅನ್ನುವುದೂ ಅದೇ. ಎರಡು ತುಂಡಿನ ಶಾಫ್ಟಾದರೆ ನಡುವಿನ ಬೇರಿಂಗಿನ ರಬ್ಬರ್ ಹರಿದಿದೆಯೇ ನೋಡಿ.

ಮೌಂಟಿಂಗ್ ಮತ್ತು ಕ್ಲಚ್

ಮೌಂಟಿಂಗ್ ಹೋದ ಗಾಡಿ ಏರಿನಲ್ಲಿ ಮಾತ್ರವಲ್ಲ, ಎಸಿ ಹಾಕಿ ನಿಂತಾಗಲೂ ಸ್ಟಿಯರಿಂಗಿನಲ್ಲಿ ಜುಮ್ಮೆನ್ನುತ್ತದೆ, ಕಾಲು ಒತ್ತಿದಾಗ ಬಿಟ್ಟಾಗ ಧಡ್ ಅನ್ನುತ್ತದೆ. ಪರೀಕ್ಷೆಗೆ ಇಬ್ಬರು ಬೇಕು. ಸಮತಟ್ಟಿನಲ್ಲಿ ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಒತ್ತಿ ಹಿಡಿದು, ಮೊದಲ ಗೇರಿನಲ್ಲಿ ಕ್ಲಚ್ಚನ್ನು ಕಚ್ಚುವಷ್ಟು ಮಾತ್ರ ಬಿಡಿ. ಇನ್ನೊಬ್ಬರು ಪಕ್ಕದಲ್ಲಿ ನಿಂತು ಎಂಜಿನ್ ನೋಡಲಿ, ಗಾಡಿಯ ಮುಂದೆ ಹಿಂದೆ ಯಾರೂ ನಿಲ್ಲಕೂಡದು. ಆಮೇಲೆ ರಿವರ್ಸಿನಲ್ಲೂ ಹಾಗೆಯೇ. ಎಂಜಿನ್ ಸ್ವಲ್ಪ ಓಲಾಡುವುದು ಸಹಜ. ಎದ್ದು ಕೂತಂತೆ ಆದರೆ ಮೌಂಟಿಂಗ್ ರಬ್ಬರ್ ಹರಿದಿದೆ. ಕೆಳಗೆ ಹಿಂದಿರುವ ಮೌಂಟಿಂಗ್ ಎಂಜಿನ್ನಿನ ತಿರುಚು ತಡೆಯುವಂಥದ್ದು, ಅದು ಮೊದಲು ಹೋಗುತ್ತದೆ. ಮೇಲಿನಿಂದ ಕಾಣುವುದನ್ನಷ್ಟೇ ನೋಡಿ ಸರಿಯಿದೆ ಅನ್ನಬೇಡಿ.

ಕ್ಲಚ್ ನಡುಕಕ್ಕೆ ಗುರುತು ಒಂದೇ: ನಿಂತ ಗಾಡಿ ಏರಿನಲ್ಲಿ ಹೊರಡುವಾಗ, ಕ್ಲಚ್ ಅರ್ಧ ಬಿಟ್ಟ ಹೊತ್ತಿನಲ್ಲಿ ಮಾತ್ರ ಬರುತ್ತದೆ. ಕ್ಲಚ್ ಪೂರ್ತಿ ಬಿಟ್ಟ ಮೇಲೂ ನಡುಗಿದರೆ ಅದು ಕ್ಲಚ್ ಅಲ್ಲ. ತಿರುವಿನಲ್ಲಿ ಬಸ್ಸಿನ ಹಿಂದೆ ಕಾಯುವಾಗ ಬ್ರೇಕ್ ಬದಲು ಕ್ಲಚ್ಚಿನಲ್ಲೇ ಗಾಡಿ ಹಿಡಿದು ನಿಲ್ಲಿಸುವವರ ಪ್ಲೇಟ್ ಕಾದು ಗಾಜಿನಂತೆ ನುಣುಪಾಗುತ್ತದೆ, ಆಮೇಲೆ ಕಚ್ಚುವಾಗ ನಡುಗುತ್ತದೆ. ಗೇರ್‌ಬಾಕ್ಸ್ ಇಳಿಸಿದಾಗ ಪ್ಲೇಟಿನಲ್ಲಿ ಎಣ್ಣೆ ಕಂಡರೆ ಎಂಜಿನ್ನಿನ ಹಿಂದಿನ ಆಯಿಲ್ ಸೀಲ್ ಕೂಡ ಬದಲಿಸಿ, ಇಲ್ಲವಾದರೆ ಹೊಸ ಪ್ಲೇಟಿಗೂ ಅದೇ ಗತಿ. ಪ್ಲೇಟ್ ಒತ್ತಿ ಹಿಡಿಯುವ ಫ್ಲೈವೀಲಿನ ಮೈಯನ್ನೂ ನಿಮ್ಮ ಕಣ್ಣಾರೆ ನೋಡಿ.

ಆಟೋಮ್ಯಾಟಿಕ್ ಗಾಡಿಯವರು ನಡುಕ ಬಂದಾಗ ಮ್ಯಾನ್ಯುಯಲ್ ಮೋಡಿಗೆ ಹಾಕಿ ಗೇರು ಇಳಿಸಿ ನೋಡಿ. ನಿಧಾನ ಸಾಲಿನಲ್ಲಿ ತೆವಳಿ ತೆವಳಿ ಕ್ಲಚ್ ಕಾದಿದ್ದರೆ, ಪಕ್ಕಕ್ಕೆ ನಿಲ್ಲಿಸಿ ಆರಲು ಬಿಟ್ಟ ಮೇಲೆ ಕಡಿಮೆಯಾಗುತ್ತದೆ.

ಗ್ಯಾರೇಜಿನಲ್ಲಿ

"ಗಾಡಿ ನಡುಗ್ತದೆ, ನೋಡಿ" ಎಂದು ಕೀ ಕೊಟ್ಟು ಹೋಗಬೇಡಿ. ಯಾವ ಗೇರು, ಎಷ್ಟು ವೇಗ, ಎಷ್ಟು ಆರ್‌ಪಿಎಂ, ಕಾಲು ಎತ್ತಿದರೆ ನಿಲ್ಲುತ್ತದೆಯೇ, ಮಳೆಯಲ್ಲಿ ಹೆಚ್ಚೇ, ದೀಪ ಉರಿಯಿತೇ ಮಿಣುಕಿತೇ, ಎಷ್ಟು ಜನ ಕೂತಿದ್ದರು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ. ಅಂಥ ಚೀಟಿ ಸಿಕ್ಕಿದ ದಿನ ನನಗೆ ಅರ್ಧ ದಿನದ ಕೆಲಸ ಉಳಿಯುತ್ತದೆ, ನಿಮಗೆ ಅರ್ಧ ದಿನದ ಮಜೂರಿ. ಸ್ಕ್ಯಾನ್ ಮಾಡಿದರೆ ಕೋಡ್ ಅಳಿಸುವ ಮೊದಲು ಅದರ ಫೋಟೊ ತೆಗೆದುಕೊಳ್ಳಿ. ಅಳಿಸಿದ ಮೇಲೆ ಸಾಕ್ಷಿ ಉಳಿಯುವುದಿಲ್ಲ. ಬದಲಿಸಿದ ಹಳೆ ಪಾರ್ಟು ಕೇಳಿ ಪಡೆಯಿರಿ, ಸವೆತ ಎಲ್ಲಿ ಎಂದು ತೋರಿಸಲು ಹೇಳಿ.

ಕೆಲಸ ಮುಗಿದ ಮೇಲೆ ಟ್ರಯಲನ್ನು ಮೊದಲು ನಡುಗಿದ ಏರಿನಲ್ಲೇ ನೋಡಬೇಕು, ಅದೇ ಗೇರಿನಲ್ಲಿ, ಸಾಧ್ಯವಾದರೆ ಅಷ್ಟೇ ಜನರನ್ನು ಕೂರಿಸಿಕೊಂಡು. ಮೆಕ್ಯಾನಿಕ್ಕನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಇಳಿದು ಬಂದ ಮೇಲೆ ಇನ್ನೊಮ್ಮೆ ಸ್ಕ್ಯಾನರ್ ಹಾಕಿ ಪೆಂಡಿಂಗ್ ಕೋಡ್ ಇದೆಯೇ ನೋಡಿ. ದೀಪ ಉರಿಯದಿದ್ದರೂ ಮಿಸ್ಸಿಂಗ್ ಅಲ್ಲಿ ದಾಖಲಾಗಿರಬಹುದು. ಚಕ್ರ ಬಿಚ್ಚಿ ಹಾಕಿದ್ದರೆ ಸುಮಾರು 50 ಕಿ.ಮೀ. ಓಡಿದ ಮೇಲೆ ನಟ್ಟು ಮತ್ತೊಮ್ಮೆ ಬಿಗಿ ಮಾಡಿಸಿ.